ತೊಳೆಯದೆ ಇಟ್ಟ ಲೋಟ

ಕಳೆದ ಭಾನುವಾರ ಊರಿಗೆ ಹೋಗಿದ್ದೆ. ಅಮ್ಮ ಒಲೆಯ ಮುಂದೆ ಕೂತೇ ಕೂಗಿದಳು: "ಲೋ, ಆ ಮೇಷ್ಟ್ರು ಡಬ್ಬ ತಗಂಡ್ ಬಾರೋ, ಸಾಸಿವೆ ಅದ್ರಲ್ಲೈತೆ."

ನಮ್ಮ ಮನೆಯಲ್ಲಿ ಡಬ್ಬಗಳಿಗೆಲ್ಲ ಹೆಸರುಗಳಿವೆ. ಅಕ್ಕನ ಮದುವೆಯಲ್ಲಿ ಬಂದದ್ದು ಮದುವೆ ಡಬ್ಬ, ಮುಚ್ಚಳ ಕಳೆದುಕೊಂಡದ್ದು ಬೋಳು ಡಬ್ಬ. ಆದರೆ ಮೇಷ್ಟ್ರು ಡಬ್ಬ ಎಂಬುದೊಂದು ಇದೆ ಎಂದು ನನಗೆ ಗೊತ್ತಿರಲಿಲ್ಲ. ಅಟ್ಟಣೆಯ ಎರಡನೇ ಸಾಲಿನಲ್ಲಿ ಅದು ಸಿಕ್ಕಿತು. ಅಂಚೆಲ್ಲ ತುಕ್ಕು. ಮುಚ್ಚಳ ತೆಗೆದರೆ ಸಾಸಿವೆಯ ಅಡಿಯಿಂದ ಟೀ ಪುಡಿಯ ವಾಸನೆ ಇನ್ನೂ ಬರುತ್ತಿತ್ತು. ಡಬ್ಬ ತಿರುಗಿಸಿದೆ. ಬಿಳಿ ರುಮಾಲು, ದುಂಡು ಕನ್ನಡಕ, ಮೀಸೆಯ ಒಬ್ಬ ಮನುಷ್ಯ ಲೋಟವನ್ನು ಹಣೆಯ ಮಟ್ಟಕ್ಕೆ ಎತ್ತಿ ಹಿಡಿದು ನಗುತ್ತಿದ್ದ. ಅವನ ಕೆಳಗೆ ಕೆಂಪು ಅಕ್ಷರಗಳು: 'ಅಂದು ಹಕ್ಕಿನ ಗುಟುಕು, ಇಂದು ರುಚಿಯ ಗುಟುಕು. ಹೊಂಬೆಳಗು ಟೀ. ಎಲ್ಲರಿಗೂ ಒಂದೇ ಲೋಟ.'

"ಏನ್ಲಾ, ಡಬ್ಬದೊಳಕ್ಕೇ ಬಿದ್ದೋದ್ಯಾ?" ಎಂದಳು ಅಮ್ಮ.

"ಇದನ್ನ ಇನ್ನೂ ಇಟ್ಕಂಡಿದೀಯಾ?"

"ಮೇಷ್ಟ್ರು ಪಟ ಐತಲ್ಲೋ. ಎಸಿಯಕ್ಕೆ ಮನಸ್ ಬರ್ಲಿಲ್ಲ."

ನಾನು ಡಬ್ಬ ಹಿಡಿದು ನಿಂತೇ ಇದ್ದೆ. ಒಲೆಯ ಮೇಲೆ ಎಣ್ಣೆ ಹೊಗೆಯಾಡಿತು.

ನನಗೆ ತಾರೀಖಿನ ಚಟವಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ; ನೀವು ಆಮೇಲೆ ಬೇಜಾರು ಮಾಡಿಕೊಳ್ಳಬಾರದು. ತುಮಕೂರಿನಲ್ಲಿ ಕಾಲೇಜು ಓದುವಾಗ ರೂಮಿನ ಗೆಳೆಯರು ನನ್ನನ್ನು 'ಶಾನುಭೋಗ' ಎಂದು ಕರೆಯುತ್ತಿದ್ದರು. "ಏನಪ್ಪಾ ಶಾನುಭೋಗ, ಇವತ್ತೆಷ್ಟು ಸಲ ಸೀನಿದೆ, ಬರ್ಕೊಂಡ್ಯಾ?" ಎಂದು ಕೇಳುವರು. ಸೀನನ್ನು ಬರೆದುಕೊಳ್ಳುತ್ತಿರಲಿಲ್ಲ. ಆದರೆ ಬಸ್ಸು ಎಷ್ಟು ನಿಮಿಷ ತಡವಾಯಿತು, ವಾಣಿಜ್ಯಶಾಸ್ತ್ರದ ಮೇಷ್ಟ್ರು ಒಂದು ಗಂಟೆಯಲ್ಲಿ ಎಷ್ಟು ಬಾರಿ 'ಹಾಗಾಗಿ' ಎಂದರು, ಇವೆಲ್ಲ ನನ್ನ ಡೈರಿಯಲ್ಲಿವೆ. ದಾಖಲೆ ಐವತ್ತೆರಡು. ಆ ದಿನ ಅವರಿಗೆ ನೆಗಡಿ ಬೇರೆ ಇತ್ತು.

ಈ ಚಟ ಹತ್ತಿಸಿದವರು ಡಬ್ಬದ ಮೇಲಿರುವ ಮಾರಯ್ಯ ಮೇಷ್ಟ್ರೇ. ನಮ್ಮೂರು ಕೊತ್ತಗೆರೆ ಹೋಬಳಿಯದು. ಮನೆಗಳು, ತೆಂಗಿನ ತೋಟ, ಆಮೇಲೆ ರಾಗಿ ಹೊಲ, ಅದರಾಚೆ ಕೇರಿ. ಮಾರಯ್ಯ ಮೇಷ್ಟ್ರು ಕೇರಿಯವರು. ಅಲ್ಲಿಂದ ಓದಿ ಮೇಷ್ಟ್ರಾದವರಲ್ಲಿ ಮೊದಲನೆಯವರು. ನಾಲ್ಕನೇ ಕ್ಲಾಸಿನಲ್ಲಿ ನನಗೆ ಒಂದು ಹಳೆಯ ನೋಟ್‌ಬುಕ್ಕು ಕೊಟ್ಟು, "ದಿನಾ ಒಂದ್ ಸಾಲು ಬರಿ. ಮೇಲೆ ತಾರೀಖು ಹಾಕು. ತಾರೀಖಿಲ್ದಿದ್ ಮಾತು ಗಾಳಿ ಮಾತು ಕಣೋ" ಎಂದಿದ್ದರು. ಲೆಕ್ಕದಲ್ಲಿ ನಾನು ಹಿಂದೆ ಎಂದು ಶನಿವಾರ ಮಧ್ಯಾಹ್ನ ನಮ್ಮ ಮನೆಗೇ ಬಂದು ಜಗಲಿಯ ಮೇಲೆ ಕೂತು ಹೇಳಿಕೊಡುತ್ತಿದ್ದರು. ಜಗಲಿಯ ಗೋಡೆಯಲ್ಲಿ ಒಂದು ಗೂಡು ಇತ್ತು. ಅದರಲ್ಲಿ ಅವರಿಗೆಂದೇ ಒಂದು ಗಾಜಿನ ಲೋಟ. ನಾವು ಮಕ್ಕಳು ಅದನ್ನು ಮುಟ್ಟಿದರೆ ಅಜ್ಜಿ ಬೈಯುತ್ತಿದ್ದಳು. ಗುರುಗಳ ಲೋಟಕ್ಕೆ ನಮ್ಮ ಮನೆಯಲ್ಲಿ ಅಷ್ಟು ಮರ್ಯಾದೆ ಎಂದು ಡೈರಿಯಲ್ಲಿ ಬರೆದಿದ್ದೇನೆ. ತಾರೀಖೂ ಇದೆ.

ಈಗ ಹೋಟೆಲಿನ ವಿಷಯ ಹೇಳಬೇಕು. ನಮ್ಮ ಕಡೆಯ ಹೋಟೆಲುಗಳಲ್ಲಿ ಹೊರಗೋಡೆಗೆ ಒಂದು ಗೂಡೋ ಹಲಗೆಯೋ ಇರುವುದನ್ನು ನೀವೂ ನೋಡಿರುತ್ತೀರಿ, ನೋಡದ ಹಾಗೆ ದಾಟಿರುತ್ತೀರಿ. ಕೇರಿಯಿಂದ ಬಂದವರು ಒಳಗೆ ಬರುವಂತಿಲ್ಲ. ಗೂಡಿನಿಂದ ಲೋಟ ತೆಗೆದುಕೊಂಡು ಚಾಚಬೇಕು. ಟೀ ಮೇಲಿನಿಂದ ಬೀಳುತ್ತದೆ. ಕುಡಿದ ಮೇಲೆ ತಾವೇ ತೊಳೆದು, ಗೂಡಿನಲ್ಲಿ ಬೋರಲು ಹಾಕಿ ಹೋಗಬೇಕು. ಒಳಗೆ ಕೂತವರ ಲೋಟವನ್ನು ಹೋಟೆಲಿನವರು ಎತ್ತಿ ತೊಳೆಯುತ್ತಾರೆ. ನೋಡಿ, ಎಲ್ಲವೂ ನಿಂತಿದ್ದುದು ಆ ಒಂದು ಕೆಲಸದ ಮೇಲೆ: ಕುಡಿದ ಲೋಟವನ್ನು ಎತ್ತುವವರು ಯಾರು?

ಎಪ್ಪತ್ತಮೂರರಲ್ಲಿ, ನನಗೆ ಹನ್ನೊಂದು ವರ್ಷವಿದ್ದಾಗ, ಮೇಷ್ಟ್ರು ಕುಣಿಗಲ್ ಬಸ್ ಸ್ಟ್ಯಾಂಡಿನ ಎದುರಿನ ಒಂದು ಹೋಟೆಲಿಗೆ ನಡೆದು ಹೋಗಿ, ಒಳಗಿನ ಬೆಂಚಿನ ಮೇಲೆ ಕೂತು ಟೀ ಕೇಳಿದರು. ಸಂಬಳದ ಮೇಷ್ಟ್ರು, ಇಸ್ತ್ರಿ ಅಂಗಿ. ಯಜಮಾನರು ಗೊಣಗಿಕೊಂಡೇ ಕೊಟ್ಟರು. ಮೇಷ್ಟ್ರು ಕುಡಿದರು. ಲೋಟವನ್ನು ತೊಳೆಯಲಿಲ್ಲ, ಬೋರಲು ಹಾಕಲಿಲ್ಲ. ಬಾಯಿ ಮೇಲಾಗಿ ಮೇಜಿನ ಮೇಲಿಟ್ಟು ಸುಮ್ಮನೆ ಕೂತರು. ಯಾರೂ ಎತ್ತಲಿಲ್ಲ. ಜನ ಸೇರಿದರು, ಬೈದರು, ಒಬ್ಬ ಅವರ ರುಮಾಲು ಕಿತ್ತೆಸೆದ. ನಮ್ಮೂರ ಕಡೆಯ ಮೂರು ಬಸ್ಸುಗಳು ಹೋದವು. ಎರಡು ಮುಕ್ಕಾಲು ಗಂಟೆಯ ಮೇಲೆ ಆ ಯಜಮಾನರು ತಾವೇ ಬಂದು, ಯಾರ ಮುಖವನ್ನೂ ನೋಡದೆ ಲೋಟ ಎತ್ತಿಕೊಂಡು ಒಳಗೆ ಹೋದರು. ಮೇಷ್ಟ್ರು ಎದ್ದು ನಾಲ್ಕನೇ ಬಸ್ಸು ಹತ್ತಿದರು. ಮುಂದಿನ ತಿಂಗಳೇ ಅವರಿಗೆ ದೂರದ ಊರಿಗೆ ವರ್ಗವಾಯಿತು. ನನ್ನ ಲೆಕ್ಕ ಮತ್ತೆ ಹಿಂದೆ ಬಿತ್ತು.

ಇದನ್ನೆಲ್ಲ ನಾನು ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಮಾಡಿ ಬರೆದದ್ದು ಎಂಬತ್ತೆರಡರಲ್ಲಿ. ಅಷ್ಟರಲ್ಲಿ ನನ್ನಲ್ಲೊಂದು ಪಟ್ಟಿಯೂ ಇತ್ತು. ಎರಡು ವರ್ಷ ರಜೆಯ ದಿನಗಳಲ್ಲಿ ಸೈಕಲ್ಲಿನಲ್ಲೂ ಬಸ್ಸಿನಲ್ಲೂ ತಿರುಗಿ, ಯಾವ ಹೋಟೆಲಿನಲ್ಲಿ ಬೇರೆ ಲೋಟ ಇದೆ ಎಂದು ಗುರುತು ಹಾಕಿದ್ದೆ. ತುಮಕೂರು ಪೇಟೆಯಲ್ಲಿ ನೋಡಿದ್ದು ಹದಿನಾರು, ಬೇರೆ ಲೋಟ ಇದ್ದದ್ದು ಏಳು. ಕೋರದಲ್ಲಿ ನಾಲ್ಕಕ್ಕೆ ನಾಲ್ಕು. ಗುಬ್ಬಿಯಲ್ಲಿ ಹದಿನಾಲ್ಕಕ್ಕೆ ಹನ್ನೊಂದು. ಕುಣಿಗಲ್ಲಿನಲ್ಲಿ ಒಂಬತ್ತಕ್ಕೆ ಏಳು. ಒಟ್ಟು ನಲವತ್ತಮೂರು, ಅದರಲ್ಲಿ ಇಪ್ಪತ್ತೊಂಬತ್ತು. ಐದು ಕಲಂಗಳು ಎಳೆದಿದ್ದೆ. ಐದನೆಯದರ ತಲೆಬರಹ 'ಗೂಡು ಎಲ್ಲಿದೆ'.

ಕುಣಿಗಲ್ಲಿನ ಆ ಏಳರಲ್ಲಿ ಮೇಷ್ಟ್ರು ಕೂತಿದ್ದ ಹೋಟೆಲೂ ಒಂದು. ಹಳೇ ಯಜಮಾನರು ಬದುಕಿರುವ ತನಕ ಗೂಡು ಖಾಲಿ ಇತ್ತು. ಅವರು ಹೋದ ಮೇಲೆ ಲೋಟಗಳು ಒಂದೊಂದಾಗಿ ಮತ್ತೆ ಬಂದು ಕೂತವು.

ಅಂದರೆ ನನಗೆ ಗೊತ್ತಿತ್ತು. ಗೊತ್ತಿದ್ದೂ ಲೇಖನದ ಕೊನೆಯಲ್ಲಿ ಹೀಗೆ ಬರೆದೆ: 'ಅಂದಿಗೆ ಕುಣಿಗಲ್ಲಿನಲ್ಲಿ ಬೇರೆ ಲೋಟದ ಕಥೆ ಮುಗಿಯಿತು.' ಯಾಕೆ ಬರೆದೆ ಎಂದರೆ, ಲೇಖನಕ್ಕೊಂದು ಮುಕ್ತಾಯ ಬೇಕಿತ್ತು. ಇಪ್ಪತ್ತು ವರ್ಷದವನಿಗೆ ನಿಜಕ್ಕಿಂತ ಮುಕ್ತಾಯ ಮುಖ್ಯ.

ಸಂಚಿಕೆ ಅಚ್ಚಾಗುತ್ತಿದ್ದ ಪ್ರೆಸ್ಸಿನಲ್ಲಿ ನಾನು ಕರಡು ತಿದ್ದುತ್ತ ಕೂತಿದ್ದಾಗ ಪ್ರಸಾದ್ ಎಂಬವರು ಬಂದರು. ಬೆಂಗಳೂರಿನ ಒಂದು ಟೀ ಪುಡಿ ಕಂಪನಿಯ ಪ್ರಚಾರದ ಕೆಲಸದವರು. ಕರಪತ್ರ ಅಚ್ಚು ಹಾಕಿಸಲು ಬಂದಿದ್ದರು. ನನ್ನ ಕರಡನ್ನು ನಿಂತಲ್ಲೇ ಓದಿದರು. ಎರಡು ಸಲ ಓದಿದರು. ನನ್ನ ಬರಹವನ್ನು ಎರಡು ಸಲ ಓದಿದ ಮೊದಲ ಮನುಷ್ಯ. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಬ್ರದರ್, ಇದು ಕತೇನಾ, ನಿಜಾನಾ?"

"ನಿಜ. ನಮ್ಮ ಮೇಷ್ಟ್ರು."

"ಫೋಟೋ ಇದ್ಯಾ?"

ಇತ್ತು. ನಾನೂ ಮೇಷ್ಟ್ರೂ ಅವರ ನಿವೃತ್ತಿಯ ದಿನ ತೆಗೆಸಿಕೊಂಡದ್ದು. "ಇಂಥೋರ ಬಗ್ಗೆ ನಾಲ್ಕ್ ಜನಕ್ಕೆ ಗೊತ್ತಾಗ್ಬೇಕು ಬ್ರದರ್" ಎಂದರು. ಫೋಟೋ ಕೊಟ್ಟೆ. ಇನ್ನೇನಾದರೂ ಇದೆಯೇ ಎಂದರು. ಪಟ್ಟಿಯ ಪುಸ್ತಕವನ್ನೂ ಒಂದು ವಾರಕ್ಕೆ ಕೊಟ್ಟೆ. ಕೊಟ್ಟ ತಾರೀಖು ಬರೆದುಕೊಂಡೆ. ಯಾಕೆ ಬೇಕು ಎಂದು ಕೇಳಲಿಲ್ಲ. ಮೇಷ್ಟ್ರನ್ನೂ ಕೇಳಲಿಲ್ಲ. ಪುಸ್ತಕ ಹೇಳಿದ ದಿನಕ್ಕೇ ವಾಪಸು ಬಂತು.

ಎರಡು ತಿಂಗಳ ಮೇಲೆ ಗುಬ್ಬಿಗೆ ಹೋದಾಗ ಬಸ್ ಸ್ಟ್ಯಾಂಡಿನ ಬಳಿ ಮೇಷ್ಟ್ರು ನನ್ನನ್ನು ನೋಡಿ ನಕ್ಕರು. ಹೋಟೆಲೊಂದರ ಮುಂದೆ ಮೂರಡಿ ಅಗಲದ ತಗಡಿನ ಬೋರ್ಡು. ಪೇಂಟರು ಅವರಿಗೆ ಮೀಸೆ ಬರೆದಿದ್ದ. ಮೇಷ್ಟ್ರಿಗೆ ಮೀಸೆ ಇರಲೇ ಇಲ್ಲ. ಕೈಯಲ್ಲಿ ಫಳಫಳ ಹೊಳೆಯುವ, ತೊಳೆದಿಟ್ಟ ಲೋಟ. 'ಅಂದು ಹಕ್ಕಿನ ಗುಟುಕು, ಇಂದು ರುಚಿಯ ಗುಟುಕು.' ಆ 'ಅಂದು' ನನ್ನದು. ನನ್ನ ಕೊನೆಯ ಸಾಲಿನಿಂದ ಎತ್ತಿಕೊಂಡದ್ದು. ಮೊದಲು ಮೈಯೆಲ್ಲ ಬಿಸಿಯಾದದ್ದು ಹೆಮ್ಮೆಯಿಂದಲೇ ಎಂದು ಬರೆಯದಿದ್ದರೆ ಸುಳ್ಳಾಗುತ್ತದೆ.

ಆಮೇಲೆ ನೋಡಿದೆ. ಬೋರ್ಡು ಗೋಡೆಗೆ ಅಂಟಿರಲಿಲ್ಲ. ಹಿಂದೆ ಎರಡು ಮರದ ತುಂಡು ಕೊಟ್ಟು ಗೋಡೆಯಿಂದ ಒಂದು ಗೇಣು ಮುಂದಕ್ಕೆ ನಿಲ್ಲಿಸಿದ್ದರು. ಒಬ್ಬ ಮುದುಕ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಯಾರನ್ನೂ ಕೇಳದೆ, ತನ್ನ ಮನೆಯ ಗೂಡಿಗೆ ಕೈ ಹಾಕುವಷ್ಟು ಸಲೀಸಾಗಿ ಬೋರ್ಡಿನ ಹಿಂದೆ ಕೈ ಹಾಕಿದ. ಲೋಟ ಹೊರಗೆ ಬಂತು. ಚಾಚಿದ. ಟೀ ಮೇಲಿನಿಂದ ಬಿತ್ತು. ಕುಡಿದು, ತೊಳೆದು, ಮತ್ತೆ ಬೋರ್ಡಿನ ಹಿಂದೆ ಬೋರಲು ಹಾಕಿ ಹೋದ.

ಗುಬ್ಬಿಯಲ್ಲಿ ಹನ್ನೊಂದು ಹೋಟೆಲಿಗೂ ನಡೆದೆ. ಹನ್ನೊಂದು ಬೋರ್ಡು. ಗೂಡಿಲ್ಲದ ಮೂರು ಹೋಟೆಲುಗಳಲ್ಲಿ ಬೋರ್ಡು ಇರಲಿಲ್ಲ. ನನ್ನ ಪಟ್ಟಿಯನ್ನು ಇಷ್ಟು ಶ್ರದ್ಧೆಯಿಂದ ಓದಿದವರು ಬೇರೆ ಯಾರೂ ಇಲ್ಲ.

ತುಮಕೂರಿಗೆ ಬಂದು ಪ್ರೆಸ್ಸಿನಲ್ಲಿ ಪ್ರಸಾದರನ್ನು ಹಿಡಿದೆ. ಅವರು ನನ್ನ ಕೈ ಹಿಡಿದು ಕುಲುಕಿದರು. "ನಿಮ್ ಲಿಸ್ಟ್ ಇಲ್ದೆ ಇದ್ರೆ ಎಲ್ ಹಾಕ್ಬೇಕು ಅಂತ್ಲೇ ಗೊತ್ತಾಗ್ತಿರ್ಲಿಲ್ಲ ಬ್ರದರ್. ಇಪ್ಪತ್ತೊಂಬತ್ತು ಜನಾನೂ ಒಪ್ಕೊಂಡ್ರು. ಬೇರೆ ಬೋರ್ಡ್ ಆದ್ರೆ ಜಾಗ ಇಲ್ಲ ಅಂತಾರೆ. ಇದಕ್ಕೆ ಅವ್ರೇ ಮೊಳೆ ತಂದ್ಕೊಟ್ರು."

"ಬೋರ್ಡಿನ ಹಿಂದೇನೇ ಲೋಟ ಇಟ್ಟಿದಾರೆ ಸಾರ್."

"ಚೇಂಜು ನಿಧಾನಕ್ಕೆ ಆಗತ್ತೆ. ಮೊದ್ಲು ಬೋರ್ಡ್ ಬರ್ಲಿ, ಆಮೇಲೆ ಮನಸ್ಸು ಬರತ್ತೆ" ಎಂದು, ಜೇಬಿನಿಂದ ಒಂದು ಆಹ್ವಾನ ಪತ್ರಿಕೆ ತೆಗೆದು ನನ್ನ ಅಂಗಿಯ ಜೇಬಿಗೆ ತುರುಕಿದರು. ಕುಣಿಗಲ್ಲಿನ ಅದೇ ಹೋಟೆಲಿನಲ್ಲಿ ಸಮಾರಂಭ. ಮೇಷ್ಟ್ರಿಗೆ ಸನ್ಮಾನ, ಅವರಿಂದಲೇ ಮೊದಲ ಗುಟುಕು. "ನೀವೇ ಕರ್ಕೊಂಡ್ ಬನ್ನಿ. ಫೋಟೋಗ್ರಾಫರ್ ಇರ್ತಾನೆ."

ಮೇಷ್ಟ್ರು ಬಂದು ಆ ಲೋಟ ಎತ್ತಿ ಹಿಡಿದರೆ ಇಪ್ಪತ್ತೊಂಬತ್ತು ಗೂಡುಗಳಿಗೂ ಅವರದೇ ಮುಖ ಬಾಗಿಲಾಗುತ್ತದೆ. ಬಾರದಿದ್ದರೂ ಬೋರ್ಡು ಅಲ್ಲೇ ಇರುತ್ತದೆ. ಅದನ್ನು ಅಲ್ಲಿಗೆ ತಂದವನು ನಾನು, ಹೋಗಿ ಹೇಳಬೇಕಾದವನೂ ನಾನು. ಕೇರಿಯ ಅವರ ಮನೆಯ ಮುಂದೆ ನಿಂತು ಎಲ್ಲ ಹೇಳಿದೆ. ಮೇಷ್ಟ್ರು ಹುರುಳಿ ಕೇರುತ್ತಿದ್ದರು. ಮೊರ ನಿಲ್ಲಲಿಲ್ಲ.

"ಫೋಟೋ ಕೊಟ್ಟಾಗ ತಾರೀಖು ಹಾಕಿದ್ಯಾ?"

"ಹಾಕಿದೀನಿ ಮೇಷ್ಟ್ರೇ."

"ನನ್ನ ಕೇಳ್ಬೇಕು ಅಂತ ಅನ್ನಿಸ್ಲಿಲ್ವಾ?"

ನಾನು ಬಗ್ಗಿ ನೆಲಕ್ಕೆ ಸಿಡಿದ ಹುರುಳಿ ಆಯತೊಡಗಿದೆ.

"ಕತೆ ಮುಗೀತು ಅಂತ ಬರ್ದಿದೀಯಲ್ಲ, ನಿನ್ ಪಟ್ಟೀಲಿ ಕುಣಿಗಲ್ಲು ಎಷ್ಟೈತೆ?"

"ಏಳು."

"ಏಳು ಇಟ್ಕಂಡು ಮುಗೀತು ಅಂದ್ಯಾ? ಲೆಕ್ಕದಲ್ಲಿ ನೀನು ಮೊದ್ಲಿಂದ್ಲೂ ಹಿಂದೆ ಕಣೋ." ಮೊರವನ್ನು ಕೆಳಗಿಟ್ಟರು. "ಎಷ್ಟೊತ್ಗೆ ಬಸ್ಸು?"

ಕುಣಿಗಲ್ಲಿನಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಬಣ್ಣದ ಕಾಗದದ ತೋರಣ, ಧ್ವನಿವರ್ಧಕ, ಊರಿನ ನಾಲ್ಕು ಜನ ಗಣ್ಯರು. ಬಾಗಿಲ ಪಕ್ಕದಲ್ಲೇ ಬೋರ್ಡು, ಗೋಡೆಯಿಂದ ಒಂದು ಗೇಣು ಮುಂದೆ. ಹೋಟೆಲು ಈಗ ಹಳೇ ಯಜಮಾನರ ಮಗನದು. ಅವನು ಕೈ ಮುಗಿದು ಮೇಷ್ಟ್ರನ್ನು ಒಳಗಿನ ಮೇಜಿಗೆ ಕೂರಿಸಿದ. ಪ್ರಸಾದ್ ಗಂಧದ ಹಾರ ಹಾಕಿದರು. ಏಳು ಲೋಟ ಟೀ ಬಂತು.

"ಸಾರ್, ಲೋಟ ಸ್ವಲ್ಪ ಮೇಲೆ. ಇನ್ನೂ ಮೇಲೆ. ನಗಿ ಸಾರ್" ಎಂದ ಫೋಟೋಗ್ರಾಫರು.

ಮೇಷ್ಟ್ರು ಲೋಟವನ್ನು ಬಾಯಿಗಿಂತ ಮೇಲೆ ಎತ್ತಲಿಲ್ಲ, ನಗಲಿಲ್ಲ. ಟೀಯನ್ನು ನಿಧಾನವಾಗಿ ಪೂರ್ತಿ ಕುಡಿದರು. ಲೋಟವನ್ನು ಮೇಜಿನ ಮೇಲಿಟ್ಟರು. ಬಾಯಿ ಮೇಲಾಗಿ.

ಚಪ್ಪಾಳೆ ಬಿತ್ತು. ಪ್ರಸಾದರು ಒಂದು ಭಾಷಣ ಮಾಡಿ, ಮೇಷ್ಟ್ರಿಗೊಂದು ನನಗೊಂದು ಟೀ ಡಬ್ಬ ಕೊಟ್ಟರು. ಎಲ್ಲರೂ ಎದ್ದರು. ಹೋಟೆಲಿನಲ್ಲಿ ಬಹಳ ವರ್ಷದಿಂದ ಇದ್ದ ರಂಗಪ್ಪ ಎಂಬ ವಯಸ್ಸಾದ ಕೆಲಸದವನು ಮೇಜು ಒರೆಸಲು ಬಂದ. ಒಂದು, ಎರಡು, ಮೂರು ಎಂದು ಬೆರಳಿಗೆ ಲೋಟ ಸಿಕ್ಕಿಸಿಕೊಳ್ಳುತ್ತ ಹೋದ. ಆರು ಎತ್ತಿದ. ಏಳನೆಯದರ ಹತ್ತಿರ ಅವನ ಕೈ ನಿಂತಿತು. ಕೆಟ್ಟವನಲ್ಲ ರಂಗಪ್ಪ, ಕೈಗೆ ಅಭ್ಯಾಸವಿರಲಿಲ್ಲ. ಯಜಮಾನನ ಮುಖ ನೋಡಿದ. ಯಜಮಾನ ಬೀದಿ ನೋಡಿದ.

ಗಡಿಯಾರದಲ್ಲಿ ಹನ್ನೊಂದು ನಲವತ್ತು. ಮೇಷ್ಟ್ರು ಕೂತೇ ಇದ್ದರು.

"ಮೇಷ್ಟ್ರೇ, ಬಸ್ಸಿಗೆ ಟೈಮಾಯ್ತು" ಎಂದ ಯಜಮಾನ.

"ಇನ್ನೂ ಬಸ್ಸವೆ ಬುಡಪ್ಪ."

ಹೊರಗೆ ಚದುರುತ್ತಿದ್ದ ಜನ ಮತ್ತೆ ಬಾಗಿಲಿಗೆ ಸೇರಿದರು. "ಮೇಷ್ಟ್ರಿಗೆ ಇನ್ನೊಂದ್ ಪೋಟ ಬೇಕಂತೆ ಕಣ್ರಲಾ" ಎಂದು ಒಬ್ಬ ಹಲ್ಲು ಕಿರಿದ. ಇನ್ನೊಬ್ಬ, "ಹಾರ ಹಾಕುದ್ರೆ ಹಿಂಗೇಯ, ಏಳಾಕೇ ಮನಸ್ ಬರಾಕಿಲ್ಲ" ಎಂದ. ನನಗೆ ಒಂದೇ ಯೋಚನೆ: ಈ ಲೋಟ ಮೇಜಿನ ಮೇಲಿಂದ ಹೋಗಿಬಿಡಬೇಕು. ನಾನೇ ಕೈ ಚಾಚಿದೆ.

"ನೀನ್ ಮುಟ್ಬ್ಯಾಡ" ಎಂದರು ಮೇಷ್ಟ್ರು, ನನ್ನ ಕಡೆ ತಿರುಗದೆ. "ಈ ಹೋಟ್ಲು ನಿಂದಲ್ಲ."

ಹನ್ನೆರಡು ಹೊಡೆಯಿತು. ನಮ್ಮೂರ ಕಡೆಯ ಬಸ್ಸಿನ ಕಂಡಕ್ಟರು ಸೀಟಿ ಊದಿದ, ಬಸ್ಸು ಹೋಯಿತು. ಯಜಮಾನ ಬೆವರು ಒರೆಸಿಕೊಂಡ. "ಏನ್ ಮೇಷ್ಟ್ರೇ ಇದು, ಹಟ ಮಾಡ್ತೀರಾ? ನಿಮ್ ಬೋರ್ಡೇ ಹಾಕ್ಸಿದೀನಲ್ಲ, ಇನ್ನೇನ್ ಬೇಕು?"

"ಬೋರ್ಡು ಹಾಕಿದ್ದು ಸಾಕು. ಲೋಟ ಎತ್ತಪ್ಪ. ನಿಮ್ಮಪ್ಪ ಎತ್ತಿದ್ರು."

ಯಜಮಾನನ ಕೈ ಮೇಜಿನವರೆಗೆ ಬಂದದ್ದನ್ನು ನಾನು ನೋಡಿದೆ. ಮೇಜಿನ ಅಂಚು ಹಿಡಿಯಿತು. ಅಷ್ಟೇ. ಬಾಗಿಲ ಕಡೆ ಒಮ್ಮೆ ನೋಡಿ ಕೈ ಹಿಂದೆ ತೆಗೆದುಕೊಂಡ.

ಪ್ರಸಾದರಿಗೆ ಗುಬ್ಬಿಗೆ ಹೊತ್ತಾಗುತ್ತಿತ್ತು. ಹನ್ನೆರಡು ಇಪ್ಪತ್ತೇಳಕ್ಕೆ, "ಏನ್ರೀ ಇದು, ಒಂದ್ ಲೋಟಕ್ಕೆ ಇಷ್ಟೊಂದಾ?" ಎಂದು ಗದರಿ ತಾವೇ ಲೋಟ ಎತ್ತಿಕೊಂಡರು. ನನ್ನ ಎದೆ ಒಮ್ಮೆ ಹಗುರಾಯಿತು. ಎತ್ತಿದ ಮೇಲೆ ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. "ಎಲ್ಲಿಡ್ಬೇಕು ಇದನ್ನ?" ಎಂದು ರಂಗಪ್ಪನನ್ನು ಕೇಳಿದರು. ರಂಗಪ್ಪನ ಕಣ್ಣು ಬಾಗಿಲಾಚೆ ಹೋಯಿತು. ಪ್ರಸಾದರು ಆ ಕಣ್ಣಿನ ಹಿಂದೆಯೇ ಹೋದರು. ಹೊರಗೆ ಬೋರ್ಡಿನ ಹಿಂದೆ ಕೈ ಹಾಕಿ, ಲೋಟವನ್ನು ಗೂಡಿನಲ್ಲಿ ಬೋರಲು ಹಾಕಿದರು. ತಗಡಿಗೆ ತಗುಲಿ 'ಟಣ್' ಎಂದಿತು. ಅವರಿಗೆ ಗೊತ್ತಿತ್ತೋ ಇಲ್ಲವೋ ಎಂದು ಆಮೇಲೆ ತುಂಬ ಯೋಚಿಸಿದ್ದೇನೆ. ನನ್ನ ಐದನೇ ಕಲಂ ಓದಿದವರು ಅವರು.

ಮೇಷ್ಟ್ರು ಎದ್ದರು. ಹಾರ ತೆಗೆದು ಬೆಂಚಿನ ಮೇಲಿಟ್ಟರು, ಪಕ್ಕದಲ್ಲಿ ತಮ್ಮ ಟೀ ಡಬ್ಬ. "ನಲವತ್ತೇಳು ನಿಮಿಷ" ಎಂದೆ, ಏನಾದರೂ ಹೇಳಬೇಕೆಂದು.

"ಬರ್ಕೊ" ಎಂದರು. "ತಾರೀಖು ಹಾಕು. ಈ ಸಲ ಕೊನೇ ಸಾಲು ಬರೀಬ್ಯಾಡ."

ಬಸ್ಸಿನಲ್ಲಿ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದರು. ನನ್ನ ತೊಡೆಯ ಮೇಲೆ ನನ್ನ ಪಾಲಿನ ಡಬ್ಬ. ಬಿಟ್ಟು ಬರುವಷ್ಟು ಬುದ್ಧಿ ನನಗೆ ಹೊಳೆದಿರಲಿಲ್ಲ. ಕೊತ್ತಗೆರೆ ಹತ್ತಿರವಾದಾಗ ಪಟ್ಟಿಯ ಪುಸ್ತಕ ಕೇಳಿ ತೆಗೆದುಕೊಂಡರು. ನಲವತ್ತಮೂರನೆಯ ಸಾಲಿನ ಕೆಳಗೆ '೪೪' ಎಂದು ಬರೆದು, ಆ ದಿನದ ತಾರೀಖು ಹಾಕಿದರು. ಬೇರೆ ಕಲಂಗಳೆಲ್ಲ ಖಾಲಿ.

"ಇದ್ಯಾವ ಹೋಟ್ಲು ಮೇಷ್ಟ್ರೇ?"

"ಹೋಟ್ಲಲ್ಲ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. "ಗೂಡು ಎಲ್ಲೈತೆ ಅಂತ ನಿಂಗೇ ಗೊತ್ತು. ನೀನೇ ತುಂಬ್ಕೊ."

ಎರಡು ವರ್ಷ ಸೈಕಲ್ ತುಳಿದು ಊರೂರಿನ ಗೂಡುಗಳನ್ನು ಎಣಿಸಿದ್ದೆ. ಹೊರಡುವಾಗಲೆಲ್ಲ ಜಗಲಿಯ ಮೇಲೆ ಕೂತೇ ಚಪ್ಪಲಿ ಹಾಕಿಕೊಂಡಿದ್ದೆ. ಗುರುಗಳ ಲೋಟ ನನ್ನ ತಲೆಯ ಹಿಂದೆಯೇ ಇತ್ತು.

ಅಂದಿನಿಂದ ಮೇಷ್ಟ್ರು ನಮ್ಮ ಮನೆಯಲ್ಲಿ ಏನೂ ಕುಡಿಯಲಿಲ್ಲ. ದಾರಿಯಲ್ಲಿ ಹೋಗುವಾಗ ಅಮ್ಮ ಕರೆದರೆ, "ಈಗ್ತಾನೆ ಆಯ್ತು ಕಣಮ್ಮ" ಎಂದು ನಡೆಯುವರು. ಅಮ್ಮನಿಗೆ ಬೇಜಾರು. ನಾನು ನಲವತ್ತನಾಲ್ಕನೆಯ ಸಾಲನ್ನು ಆರು ವರ್ಷ ಖಾಲಿ ಬಿಟ್ಟೆ. ಕಾರಣಗಳನ್ನೂ ಎಣಿಸಿದ್ದೇನೆ, ನಾಲ್ಕು: ಪರೀಕ್ಷೆ, ಕೆಲಸ, ಅಕ್ಕನ ಮದುವೆ, ಅಜ್ಜಿ. ಹೋದ ವರ್ಷ ಅಜ್ಜಿಯೂ ತೀರಿಕೊಂಡಳು. ಕಾರಣ ಒಂದೂ ಉಳಿಯಲಿಲ್ಲ, ಸಾಲು ಖಾಲಿಯೇ ಉಳಿಯಿತು.

ಭಾನುವಾರ ಆ ಡಬ್ಬ ಹಿಡಿದು ನಿಂತಾಗ ನನ್ನ ಕಣ್ಣಿಗೆ ಬಿದ್ದದ್ದು ಇದು. ನಮ್ಮ ಅಡುಗೆಮನೆಯಲ್ಲಿ, ದೇವರ ಗೂಡಿಗೆ ಎರಡು ಮೊಳದ ದೂರದಲ್ಲಿ, ಮೇಷ್ಟ್ರು ಆರು ವರ್ಷದಿಂದ ಇದ್ದಾರೆ. ಮೀಸೆ ಬರೆಸಿಕೊಂಡು, ಲೋಟ ಎತ್ತಿ, ನಗುತ್ತ. ಪಟದ ಮೇಷ್ಟ್ರಿಗೆ ಎಲ್ಲ ಬಾಗಿಲೂ ತೆರೆದಿದೆ.

"ಅಮ್ಮ, ಮೇಷ್ಟ್ರನ್ನ ಕರ್ಕಂಡ್ ಬರ್ತೀನಿ. ಒಳಗೆ ಕೂರಿಸ್ತೀನಿ. ನಮ್ ಲೋಟದಲ್ಲಿ ಕಾಫಿ ಕೊಡು."

ಅಮ್ಮ ಸಾಸಿವೆ ಹಾಕಿದಳು. ಅದು ಸಿಡಿದು ಮುಗಿಯಿತು.

"ನಿಮ್ಮಪ್ಪ ತೋಟದಿಂದ ಬಂದ್ಬುಟ್ರೆ?"

"ಬರ್ಲಿ. ಪಟ ಒಳಗೇ ಐತಲ್ಲಮ್ಮ, ಆರು ವರ್ಷದಿಂದ."

"ಪಟ ಕಾಫಿ ಕುಡಿಯಕಿಲ್ವಲ್ಲೋ" ಎಂದಳು ಅಮ್ಮ, ಬಾಣಲೆಯಿಂದ ಕಣ್ಣೆತ್ತದೆ. ಆದರೆ ಬೇಡ ಎನ್ನಲಿಲ್ಲ.

ಮೇಷ್ಟ್ರು ಈಗ ಕೋಲು ಹಿಡಿಯುತ್ತಾರೆ. ನಾನು ಹೋಗಿ ಕರೆತಂದಾಗ ನಮ್ಮ ಹೊಸ್ತಿಲ ಮುಂದೆ ನಿಂತು, "ನಿಮ್ಮಮ್ಮನ್ನ ಕೇಳಿದ್ಯಾ?" ಎಂದರು.

"ಹೇಳಿದೀನಿ ಮೇಷ್ಟ್ರೇ."

"ಹೇಳೋದು ಬ್ಯಾರೆ, ಕೇಳೋದು ಬ್ಯಾರೆ. ನನ್ನ ಕೇಳ್ದೆ ಫೋಟೋ ಕೊಟ್ಟೋನು ನೀನು."

"ಬನ್ನಿ ಮೇಷ್ಟ್ರೇ" ಎಂದಿತು ಒಳಗಿನಿಂದ ಅಮ್ಮನ ದನಿ. ಮೇಷ್ಟ್ರು ಚಪ್ಪಲಿ ಬಿಟ್ಟು ಒಳಗೆ ಬಂದರು. ನಡುಮನೆಯ ಕುರ್ಚಿಯಲ್ಲಿ ಕೂತರು. ಕೋಲನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು. ಅಮ್ಮ ಸ್ಟೀಲ್ ಲೋಟದಲ್ಲಿ ಕಾಫಿ ತಂದಳು. ಕೈಗೆ ಕೊಡಲಿಲ್ಲ, ಸ್ಟೂಲಿನ ಮೇಲಿಟ್ಟಳು. ಮೇಷ್ಟ್ರು ಕುಡಿದರು. ಲೋಟವನ್ನು ಸ್ಟೂಲಿನ ಮೇಲೆ, ಬಾಯಿ ಮೇಲಾಗಿ ಇಟ್ಟರು. ಆಮೇಲೆ ನನ್ನನ್ನು ನೋಡಿದರು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಅಷ್ಟರಲ್ಲಿ ಅಂಗಳದಲ್ಲಿ ಅಪ್ಪನ ಕೆಮ್ಮು ಕೇಳಿಸಿತು. ಹೊರಗೆ ಬಿಟ್ಟಿದ್ದ ಚಪ್ಪಲಿ ನೋಡಿರಬೇಕು. ಕಾಲು ತೊಳೆಯುವ ನೀರಿನ ಸದ್ದು ಎಂದಿಗಿಂತ ಬಹಳ ಹೊತ್ತು ಬಂತು. ಬಾಗಿಲಿಗೆ ಬಂದು ನಿಂತ. ಕುರ್ಚಿ ನೋಡಿದ, ಲೋಟ ನೋಡಿದ. "ಬಂದ್ರಾ ಮೇಷ್ಟ್ರೇ" ಎಂದ. ಒಳಗೆ ಬರಲಿಲ್ಲ, ಹೊರಗೆ ಹೋಗಲಿಲ್ಲ. ಲೋಟ ನಾಲ್ವರ ನಡುವೆ ಇತ್ತು.

ಅಡುಗೆಮನೆಯ ಬಾಗಿಲಲ್ಲಿ ಅಮ್ಮನ ಸೀರೆಯ ಅಂಚು ಕಾಣುತ್ತಿತ್ತು. ಅದು ಅಲುಗಲಿಲ್ಲ. ಆಮೇಲೆ ಅಲುಗಿತು.

"ಇನ್ನರ್ಧ ಹಾಕ್ಲಾ ಮೇಷ್ಟ್ರೇ?" ಎಂದು ಬಗ್ಗಿ, ಅಮ್ಮ ಆ ಲೋಟ ಎತ್ತಿಕೊಂಡಳು.

"ಹಾಕಮ್ಮ" ಎಂದರು ಮೇಷ್ಟ್ರು. "ಸಕ್ರೆ ಕಮ್ಮಿ."

ಎಷ್ಟು ನಿಮಿಷವಾಯಿತು ಎಂದು ನಾನು ಗಡಿಯಾರ ನೋಡಿರಲಿಲ್ಲ.

ಮೇಷ್ಟ್ರನ್ನು ಕೇರಿಯವರೆಗೆ ಬಿಟ್ಟು ವಾಪಸು ಬಂದು ನೇರ ಅಡುಗೆಮನೆಗೆ ಹೋದೆ. ಲೋಟ ಎಲ್ಲಿದೆ ಎಂದು ಕಣ್ಣಾರೆ ನೋಡದೆ ಬರೆಯುವಂತಿರಲಿಲ್ಲ. ಒಮ್ಮೆ ಹಾಗೆ ಬರೆದು ಆಗಿದೆ. ಹಲಗೆಯ ಮೇಲೆ ಒಂಬತ್ತು ಸ್ಟೀಲ್ ಲೋಟಗಳು ಸಾಲಾಗಿ ಬೋರಲು ಬಿದ್ದಿದ್ದವು. ಒಂಬತ್ತೂ ಒದ್ದೆ. ಅಮ್ಮ ಎಲ್ಲವನ್ನೂ ತೊಳೆದಿದ್ದಳು. ಮೈಲಿಗೆಯೆಂದು ತೊಳೆದಳೋ, ಹೇಗೂ ನೀರು ಮುಟ್ಟಿದ್ದೇನೆ ಎಂದು ತೊಳೆದಳೋ ನನಗೆ ಗೊತ್ತಿಲ್ಲ.

"ಮೇಷ್ಟ್ರು ಕುಡಿದಿದ್ದು ಯಾವುದಮ್ಮ?"

"ಯಾವ್ದೋ, ಯಾರಿಗ್ ಗೊತ್ತು" ಎಂದಳು ಅಮ್ಮ ಬೆನ್ನು ತಿರುಗಿಸಿಕೊಂಡೇ.

ಅಪ್ಪ ನೀರು ಕುಡಿಯಲು ಬಂದ. ಹಲಗೆಯ ಮುಂದೆ ನಿಂತ. ಒಂದು ಲೋಟ ಎತ್ತಿಕೊಂಡ, ಒಂದು ಗಳಿಗೆ ಅದರೊಳಗೆ ನೋಡಿದ. ಆಮೇಲೆ ಹಂಡೆಯಲ್ಲಿ ಅದ್ದಿ ನೀರು ತುಂಬಿಕೊಂಡು ಕುಡಿದ.

ಪಟ್ಟಿಯ ಪುಸ್ತಕ ತೆಗೆದು ನಲವತ್ತನಾಲ್ಕನೆಯ ಸಾಲಿನ ಕೊನೆಯ ಕಲಮಿನಲ್ಲಿ ಮೊದಲು 'ಜಗಲಿಯ ಗೋಡೆ' ಎಂದು ಬರೆದೆ. ಅದರ ಕೆಳಗೆ ಆ ದಿನದ ತಾರೀಖು ಹಾಕಿ ಬರೆದೆ: 'ಒಂಬತ್ತು ಲೋಟ. ಗುರುತು ಹತ್ತಲಿಲ್ಲ.'